ಡ್ಯಾಪ್-ಕಿಂಗ್ಸ್: ಒಂದು ಮನೆಯ ಧ್ವನಿಮುದ್ರಣಗಳು

ಡ್ಯಾಪ್‌ಟೋನ್ ರೆಕಾರ್ಡ್ಸ್ ಎಂಬ ಕಂಪನಿ ಹುಟ್ಟಿದ್ದು 2001ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಅದು ಹೊರತಂದ ಮೊದಲ ಆಲ್ಬಮ್ ಶರನ್ ಜೋನ್ಸ್ ಮತ್ತು ಡ್ಯಾಪ್-ಕಿಂಗ್ಸ್ ತಂಡದ್ದು. ಕಂಪನಿ ಕಟ್ಟಿದ ಇಬ್ಬರೂ ಅದೇ ತಂಡದ ವಾದ್ಯಗಾರರು: ಗೇಬ್ರಿಯಲ್ ರಾತ್ ಬೇಸ್ ಗಿಟಾರ್ ನುಡಿಸುತ್ತಿದ್ದರು, ನೀಲ್ ಶುಗರ್‌ಮನ್ ಸ್ಯಾಕ್ಸೊಫೋನ್. ರಾತ್ ಹಾಡು ಬರೆಯುವಾಗ ಮತ್ತು ಆಲ್ಬಮ್ ನಿರ್ಮಿಸುವಾಗ ಬಾಸ್ಕೊ ಮ್ಯಾನ್ ಎಂಬ ಇನ್ನೊಂದು ಹೆಸರು ಇಟ್ಟುಕೊಳ್ಳುತ್ತಿದ್ದರು. ಧ್ವನಿಮುದ್ರಣದ ಎಂಜಿನಿಯರ್ ಆಗಿ ಮಾತ್ರ ಸ್ವಂತ ಹೆಸರು. ಮಾಲೀಕ, ಕವಿ, ವಾದ್ಯಗಾರ, ಎಂಜಿನಿಯರ್ ಎಲ್ಲ ಒಬ್ಬನೇ ಆದ ಮೇಲೆ ತಂಡದ ಚರಿತ್ರೆ ಬೇರೆ, ಕಂಪನಿಯ ಚರಿತ್ರೆ ಬೇರೆ ಎಂದು ಬರೆಯಲು ಬರುವುದಿಲ್ಲ. ಇವೆರಡರ ಜೊತೆ ಮೂರನೆಯದಾಗಿ ಒಂದು ಮನೆಯ ಚರಿತ್ರೆಯೂ ಸೇರಿಕೊಂಡಿದೆ. ಅದಕ್ಕೆ ಆಮೇಲೆ ಬರೋಣ.

ಫಂಕ್ ಸಂಗೀತದ ಪರಿಚಯ ಇಲ್ಲದವರಿಗಾಗಿ ಎರಡು ಮಾತು. 1960ರ ದಶಕದ ನಡುವಿನಲ್ಲಿ ಜೇಮ್ಸ್ ಬ್ರೌನ್ ಮತ್ತು ಅವರ ತಂಡದವರು ಅಮೆರಿಕದ ಕಪ್ಪು ಜನರ ಸೋಲ್ ಸಂಗೀತದಿಂದ ರಾಗದ ಬೆಡಗನ್ನು ಒಂದಿಷ್ಟು ಬದಿಗಿಟ್ಟು ಲಯವನ್ನು ಮುಂದಕ್ಕೆ ತಂದರು. ಆವರ್ತದ ಸಮದ ಮೇಲೆ ಇಡೀ ತಂಡ ಒಟ್ಟಿಗೆ ಬಂದು ಕೂರುತ್ತದೆ. ಉಳಿದ ಮಾತ್ರೆಗಳಲ್ಲಿ ಒಬ್ಬೊಬ್ಬರೂ ತಮ್ಮತಮ್ಮ ಚಿಕ್ಕ ನುಡಿಯನ್ನು ಬಿಡದೆ ತಿರುಗಿಸುತ್ತಿರುತ್ತಾರೆ. ಗಿಟಾರ್ ಕೂಡ ಡ್ರಮ್ಮಿನಂತೆ, ತುತ್ತೂರಿಗಳೂ ಡ್ರಮ್ಮಿನಂತೆ. ಒಬ್ಬ ಹೆಚ್ಚು ನುಡಿಸಿದರೆ ಕೆಟ್ಟಿತು. ಇದಕ್ಕೆ ಎಂಟು ಹತ್ತು ಜನರ ತಂಡ ಬೇಕು, ಅಷ್ಟೂ ಜನಕ್ಕೆ ಸಂಬಳ ಬೇಕು. 1980ರ ದಶಕದ ಹೊತ್ತಿಗೆ ಸಿಂಥಸೈಜರ್, ಡ್ರಮ್ ಮೆಷಿನ್‌ಗಳು ಬಂದು ಇಬ್ಬರು ಕೂತು ಮಾಡಬಹುದಾದ ಕೆಲಸಕ್ಕೆ ಹತ್ತು ಜನ ಯಾಕೆ ಎಂಬ ಲೆಕ್ಕ ಶುರುವಾಯಿತು. ತುತ್ತೂರಿಗಳ ಮೇಳವಿರುವ ತಂಡಗಳು ದೊಡ್ಡ ಕಂಪನಿಗಳ ಪಟ್ಟಿಯಿಂದ ಒಂದೊಂದಾಗಿ ಜಾರಿದವು. ಉಳಿದದ್ದು ಹಳೆಯ ರೆಕಾರ್ಡು ತಟ್ಟೆಗಳು ಮತ್ತು ಅವನ್ನು ದುಬಾರಿ ಬೆಲೆಗೆ ಕೊಳ್ಳುವ ಸಂಗ್ರಹಕಾರರು.

ಈ ಸಂಗ್ರಹಕಾರರಿಂದಲೇ ಕಥೆ ಶುರುವಾಗುತ್ತದೆ. 1990ರ ದಶಕದ ನಡುವಿನಲ್ಲಿ ರಾತ್ ಮತ್ತು ಫಿಲಿಪ್ ಲೇಮನ್ ಸೇರಿ ನ್ಯೂಯಾರ್ಕಿನಲ್ಲಿ ಡೆಸ್ಕೊ ಎಂಬ ಪುಟ್ಟ ಕಂಪನಿ ನಡೆಸುತ್ತಿದ್ದರು. ಅವರ ತಲೆಹರಟೆ ಏನೆಂದರೆ, ಹೊಸದಾಗಿ ತಾವೇ ನುಡಿಸಿ ಮುದ್ರಿಸಿದ್ದನ್ನು ಹಳೆಯದರ ಮರುಮುದ್ರಣ ಎಂದು ಹೇಳಿ ಮಾರುವುದು. ‘ದ ರಿವೆಂಜ್ ಆಫ್ ಮಿಸ್ಟರ್ ಮೊಪೋಜಿ’ ಎಂಬ ಆಲ್ಬಮ್ 1970ರ ದಶಕದ ಯಾವುದೋ ಕುಂಗ್‌ಫು ಸಿನಿಮಾದ ಸಂಗೀತ ಎಂದು ಬಂತು. ಅಂಥ ಸಿನಿಮಾ ಇರಲೇ ಇಲ್ಲ. 1998ರಲ್ಲಿ ಡಕ್ಟಾರಿಸ್ ಎಂಬ ತಂಡದ ‘ಸೋಲ್ ಎಕ್ಸ್‌ಪ್ಲೋಷನ್’ ನೈಜೀರಿಯಾದ ಹಳೆಯ ಆಫ್ರೊಬೀಟ್ ಎಂಬ ವೇಷದಲ್ಲಿ ಬಂತು. ನುಡಿಸಿದವರು ನ್ಯೂಯಾರ್ಕಿನ ಹುಡುಗರು. ಕೊಂಡವರಲ್ಲಿ ನಂಬಿದವರಿದ್ದರು. ಈ ಆಟಕ್ಕೆ ನಗಬಹುದು, ಆದರೆ ಇದರಲ್ಲಿ ಒಂದು ಪಾಠಶಾಲೆಯೂ ಇತ್ತು. ಹಳೆಯದೆಂದು ನಂಬಿಸಬೇಕಾದರೆ ಮೈಕನ್ನು ಎಲ್ಲಿಡಬೇಕು, ಡ್ರಮ್ಮಿನ ಚರ್ಮ ಎಷ್ಟು ಬಿಗಿಯಬೇಕು, ಟೇಪಿನ ಮೇಲೆ ಸದ್ದನ್ನು ಎಷ್ಟು ಜೋರಾಗಿ ಹಾಯಿಸಬೇಕು ಎಂಬುದನ್ನೆಲ್ಲ ಕಲಿಯಲೇಬೇಕು. ರಾತ್ ಕಲಿತರು. ಅಗ್ಗದ ಮೈಕು, ಒರಟು ಸದ್ದು, ಕಡಿಮೆ ಉಪಕರಣ ಇವೇ ಫಂಕ್‌ಗೆ ಸರಿ ಎಂದು ವಾದಿಸುವ ತರಲೆ ಪ್ರಬಂಧವೊಂದನ್ನೂ ಬರೆದರು. ಆ ಕಾಲದ ಸ್ಟುಡಿಯೋ ಪಂಡಿತರು ಹೇಳುತ್ತಿದ್ದುದಕ್ಕೆ ಅದು ತದ್ವಿರುದ್ಧ.

ನಕಲಿಗೆ ಇರುವ ಮಿತಿಯೆಂದರೆ ಅದು ರಂಗದ ಮೇಲೆ ಹತ್ತಿ ಬೆವರು ಸುರಿಸಲಾರದು. ಅದಕ್ಕೆ ಅಸಲಿ ಮನುಷ್ಯರು ಬೇಕು. 1996ರಲ್ಲಿ ಸೋಲ್ ಗಾಯಕ ಲೀ ಫೀಲ್ಡ್ಸ್ ಅವರ ಧ್ವನಿಮುದ್ರಣಕ್ಕೆ ಹಿನ್ನೆಲೆ ಗಾಯನಕ್ಕೆಂದು ಮೂವರು ಹೆಂಗಸರನ್ನು ಕರೆದಿದ್ದರು. ಬಂದದ್ದು ಒಬ್ಬರೇ, ಶರನ್ ಜೋನ್ಸ್. ಮೂವರ ಪಾಲನ್ನೂ ತಾನೇ ಹಾಡಿ ಮುಗಿಸಿದರು. ಅಷ್ಟಕ್ಕೆ ತೃಪ್ತರಾಗದೆ ರಾತ್ ಮತ್ತು ಲೇಮನ್ ‘ಸ್ವಿಚ್‌ಬ್ಲೇಡ್’ ಎಂಬ ಹಾಡನ್ನು ಆಕೆಯ ಕೈಯಲ್ಲೇ ಹಾಡಿಸಿದರು.

ಆಗ ಶರನ್‌ಗೆ ನಲವತ್ತು. 1956ರ ಮೇ 4ರಂದು ಜಾರ್ಜಿಯಾದ ಆಗಸ್ಟಾದಲ್ಲಿ ಹುಟ್ಟಿದವರು. ಜೇಮ್ಸ್ ಬ್ರೌನ್ ಬೆಳೆದ ಊರು ಅದು; ಮಗುವಾಗಿದ್ದಾಗ ಅಣ್ಣತಮ್ಮಂದಿರ ಜೊತೆ ಬ್ರೌನ್‌ರ ಅನುಕರಣೆ ಮಾಡುತ್ತಿದ್ದುದನ್ನು ಆಕೆ ಹೇಳಿಕೊಳ್ಳುತ್ತಿದ್ದರು. ಚಿಕ್ಕಂದಿನಲ್ಲೇ ಬ್ರೂಕ್ಲಿನ್‌ಗೆ ಬಂದರು. ಚರ್ಚಿನಲ್ಲಿ ಹಾಡಿದರು, ಮದುವೆ ಮನೆಗಳ ತಂಡಗಳಲ್ಲಿ ಹಾಡಿದರು. ಹೊಟ್ಟೆಪಾಡಿಗೆ ರೈಕರ್ಸ್ ದ್ವೀಪದ ಜೈಲಿನಲ್ಲಿ ಕಾವಲುಗಾರ್ತಿಯಾಗಿದ್ದರು, ಹಣ ಸಾಗಿಸುವ ಗಾಡಿಗೆ ಕೋವಿ ಹಿಡಿದು ಕಾವಲು ಕೂತರು. ನಡುವೆ ಅವಕಾಶ ಕೇಳಿ ಹೋದಲ್ಲಿ ಕಂಪನಿಯೊಂದರವರು ಆಕೆಯನ್ನು ಕಪ್ಪು, ದಪ್ಪ, ಗಿಡ್ಡ, ವಯಸ್ಸಾದವಳು ಎಂದು ಎಣಿಸಿ ಹೇಳಿ ಕಳಿಸಿದ್ದರಂತೆ. ಈ ಮಾತನ್ನು ಶರನ್ ಮುಂದೆ ಸಂದರ್ಶನಗಳಲ್ಲಿ ನಗುತ್ತಲೇ ಹೇಳುತ್ತಿದ್ದರು, ಆದರೆ ಬಿಡದೆ ಹೇಳುತ್ತಿದ್ದರು.

2000ದಲ್ಲಿ ಡೆಸ್ಕೊ ಒಡೆಯಿತು. ಲೇಮನ್ ಬೇರೆ ದಾರಿ ಹಿಡಿದರು. ರಾತ್ ಮತ್ತು ಶುಗರ್‌ಮನ್ ಉಳಿದವರನ್ನು ಒಟ್ಟುಗೂಡಿಸಿದರು: ಗಿಟಾರ್‌ವಾದಕ ಹಾಗೂ ರಂಗದ ಸೂತ್ರಧಾರ ಬಿಂಕಿ ಗ್ರಿಪ್‌ಟೈಟ್, ಆಗಿನ್ನೂ ಮೀಸೆ ಚಿಗುರುತ್ತಿದ್ದ ಡ್ರಮ್ಮರ್ ಹೋಮರ್ ಸ್ಟೈನ್‌ವೈಸ್, ತಾಳವಾದ್ಯಕ್ಕೆ ಫರ್ನಾಂಡೊ ವೆಲೆಜ್, ಸ್ಯಾಕ್ಸೊಫೋನಿಗೆ ಲಿಯಾನ್ ಮೈಕೆಲ್ಸ್. 2001ರ ಬೇಸಿಗೆಯಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಸಾಲು ಕಛೇರಿಗಳು ಒದಗಿದವು. ಅಲ್ಲಿ ಮಾರಲು ಕೈಯಲ್ಲೊಂದು ಆಲ್ಬಮ್ ಬೇಕಲ್ಲ, ಅದಕ್ಕೆಂದು ಸಿದ್ಧವಾದದ್ದೇ ‘ಡ್ಯಾಪ್ ಡಿಪ್ಪಿನ್’. 2002ರಲ್ಲಿ ಅದು ಡ್ಯಾಪ್‌ಟೋನ್ ಹೆಸರಿನಲ್ಲಿ ಅಂಗಡಿಗೆ ಬಂತು. ಬಿಂಕಿಯ ಪರಿಚಯದ ಮಾತಿನಿಂದಲೇ ಆಲ್ಬಮ್ ತೆರೆದುಕೊಳ್ಳುತ್ತದೆ, ತೆರೆ ಸರಿಸಿ ಗಾಯಕಿಯನ್ನು ಕರೆತರುವ ಹಾಗೆ. ಜಾನೆಟ್ ಜಾಕ್ಸನ್ 1986ರಲ್ಲಿ ಯಂತ್ರಗಳ ತಾಳಕ್ಕೆ ಹಾಡಿದ್ದ ‘ವಾಟ್ ಹ್ಯಾವ್ ಯು ಡನ್ ಫಾರ್ ಮಿ ಲೇಟ್ಲಿ’ ಇದರಲ್ಲಿ 1960ರ ದಶಕದ ಉಡುಪು ತೊಟ್ಟು ಬರುತ್ತದೆ. ಎರಡನ್ನೂ ಒಟ್ಟಿಗೆ ಕೇಳಿದವರಿಗೆ ಜಾನೆಟ್ ಹಾಡಿದ್ದೇ ಇದರ ನಕಲೇನೋ ಎನಿಸಬೇಕು, ಅಷ್ಟು ನಿರಾಯಾಸ. ಡೆಸ್ಕೊ ಕಾಲದ ತುಂಟತನ ಇಲ್ಲಿ ಇನ್ನೂ ಉಳಿದಿದೆ. ಆದರೆ ವಂಚನೆ ಇಲ್ಲ. ಹಾಡುವವರ ಹೆಸರು, ಮುಖ, ಕಾಲ ಎಲ್ಲ ಅಸಲಿ.

ಇನ್ನು ಮನೆಯ ವಿಷಯ. ಬುಷ್‌ವಿಕ್ ಬಡಾವಣೆಯ ಟ್ರೌಟ್‌ಮನ್ ಬೀದಿಯಲ್ಲಿ 115ನೇ ನಂಬರಿನದು ಎರಡು ಸಂಸಾರ ಇರಬಹುದಾದ ಹಳೆಯ ಮನೆ. ಕಂಪನಿ ಅದನ್ನು ಬಾಡಿಗೆಗೆ ಹಿಡಿದಾಗ ಅದರ ಸ್ಥಿತಿ ಏನೇನೂ ಚೆನ್ನಾಗಿರಲಿಲ್ಲ. ಕಂಟ್ರಾಕ್ಟರಿಗೆ ಕೊಡಲು ದುಡ್ಡಿಲ್ಲದ್ದರಿಂದ ತಂಡದವರೇ ಗೋಡೆ ಒಡೆದರು, ಗೋಡೆ ಕಟ್ಟಿದರು. ಸದ್ದು ಹೊರಹೋಗದಂತೆ ತಡೆಯಲು ಹಳೆಯ ಟೈರು, ಹಳೆಯ ಬಟ್ಟೆ ತುಂಬಿದರು. ವಿದ್ಯುತ್ತಿನ ಪ್ಲಗ್ಗುಗಳಿಗೆ ವೈರು ಎಳೆದವರಲ್ಲಿ ಶರನ್ ಜೋನ್ಸ್ ಕೂಡ ಒಬ್ಬರು. ತಾನು ಹಾಡಬೇಕಾದ ಮೈಕಿಗೆ ಕರೆಂಟು ಬರುವ ದಾರಿಯನ್ನು ತಾನೇ ಮಾಡಿಕೊಂಡ ಗಾಯಕಿಯರು ಸಂಗೀತದ ಇತಿಹಾಸದಲ್ಲಿ ಹೆಚ್ಚಿಲ್ಲ. ಆ ಮನೆಗೆ ‘ಹೌಸ್ ಆಫ್ ಸೋಲ್’ ಎಂದು ಹೆಸರಾಯಿತು. ಒಂದೇ ಸೂರಿನಡಿ ಧ್ವನಿಮುದ್ರಣ, ಆಫೀಸು, ತಟ್ಟೆಗಳನ್ನು ಪ್ಯಾಕು ಮಾಡಿ ಅಂಚೆಗೆ ಹಾಕುವ ಕೆಲಸ.

ಮುದ್ರಣದ ಪದ್ಧತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈ ಸಂಸ್ಥೆಯ ನಿಜವಾದ ಸಂವಿಧಾನ ಅದೇ. ಅವರ ಬಳಿ ಇದ್ದದ್ದು ಎಂಟು ಟ್ರ್ಯಾಕಿನ ಟೇಪ್ ಯಂತ್ರ. ಟೇಪಿನ ಅಗಲದಲ್ಲಿ ಎಂಟು ಪಟ್ಟಿಗಳು, ಒಂದೊಂದು ಪಟ್ಟಿಯ ಮೇಲೆ ಒಂದೊಂದು ಸದ್ದು. ಕಂಪ್ಯೂಟರಿನಲ್ಲಿ ಇಂಥ ಪಟ್ಟಿಗಳು ಎಷ್ಟು ಬೇಕಾದರೂ ಸಿಗುತ್ತವೆ. ಡ್ರಮ್ಮಿಗೊಂದಕ್ಕೇ ಹತ್ತು ಮೈಕಿಟ್ಟು, ಹತ್ತನ್ನೂ ಬೇರೆಬೇರೆ ಉಳಿಸಿಕೊಂಡು, ಯಾವುದು ಎಷ್ಟು ಜೋರಾಗಿರಬೇಕೆಂದು ಆರು ತಿಂಗಳ ನಂತರ ತೀರ್ಮಾನಿಸಬಹುದು. ಎಂಟೇ ಇದ್ದಾಗ ಹಾಗಾಗುವುದಿಲ್ಲ. ಹತ್ತು ಜನರ ತಂಡವನ್ನು ಎಂಟು ಪಟ್ಟಿಗೆ ಇಳಿಸಬೇಕು, ಅದರಲ್ಲೂ ಗಾಯಕಿಗೆ, ಹಿನ್ನೆಲೆ ಧ್ವನಿಗೆ, ವಯೊಲಿನ್ನು ಬೇಕಾದರೆ ಅದಕ್ಕೆ ಜಾಗ ಉಳಿಸಿಟ್ಟಿರಬೇಕು. ಹಾಗಾಗಿ ಡ್ರಮ್ಮಿಗೆ ಒಂದೋ ಎರಡೋ ಮೈಕು. ಮೂರು ತುತ್ತೂರಿಗಳು ಒಂದೇ ಮೈಕಿನ ಸುತ್ತ ನಿಂತವು. ಯಾರ ಸದ್ದು ಹೆಚ್ಚಾಯಿತೋ ಅವರು ಒಂದು ಹೆಜ್ಜೆ ಹಿಂದೆ ಸರಿಯಬೇಕು. ಡ್ರಮ್ಮಿನ ಸದ್ದು ಗಿಟಾರಿನ ಮೈಕಿಗೂ ಸೋರುತ್ತದೆ. ಒಬ್ಬ ತಪ್ಪಿದರೆ ಅವನೊಬ್ಬನ ಪಾಲನ್ನು ಕತ್ತರಿಸಿ ಸರಿಪಡಿಸಲು ಬರುವುದಿಲ್ಲ, ಎಲ್ಲರೂ ಮೊದಲಿನಿಂದ ನುಡಿಸಬೇಕು. ಎಲ್ಲರೂ ಒಂದೇ ಕೋಣೆಯಲ್ಲಿ, ಒಬ್ಬರ ಮುಖ ಒಬ್ಬರು ನೋಡುತ್ತ, ಒಂದೇ ಉಸಿರಿನಲ್ಲಿ.

ಇದನ್ನು ಹಳೆಯ ಕಾಲದ ಮೋಹ ಎಂದು ಕರೆದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅವಿಭಕ್ತ ಕುಟುಂಬದ ಅಡುಗೆಮನೆಯಲ್ಲಿ ಒಲೆ ಎರಡೇ ಇದ್ದಾಗ ಯಾರು ಏನು ಮೊದಲು ಬೇಯಿಸಬೇಕೆಂಬ ಶಿಸ್ತು ತಾನಾಗಿಯೇ ಬರುತ್ತದಲ್ಲ, ಎಂಟು ಟ್ರ್ಯಾಕು ಈ ತಂಡಕ್ಕೆ ಕಲಿಸಿದ್ದು ಆ ಶಿಸ್ತನ್ನು. ಯಾರು ನುಡಿಸಬಾರದು ಎಂಬುದು ಮುದ್ರಣಕ್ಕೆ ಮುಂಚೆಯೇ ತೀರ್ಮಾನವಾಗಬೇಕಿತ್ತು. ಫಂಕ್‌ನ ಮರ್ಮವೂ ಅದೇ ಆದ್ದರಿಂದ ಉಪಕರಣ ಮತ್ತು ಸಂಗೀತ ಒಂದನ್ನೊಂದು ಕಾಯ್ದವು. ಖರ್ಚಿನ ಲೆಕ್ಕವೂ ಇದೆ. ಸ್ವಂತ ಕೋಣೆ, ಸ್ವಂತ ಯಂತ್ರ, ಸ್ವಂತ ಎಂಜಿನಿಯರ್ ಇದ್ದವರು ಸ್ಟುಡಿಯೋ ಬಾಡಿಗೆಗೆಂದು ದೊಡ್ಡ ಕಂಪನಿಯ ಮುಂಗಡಕ್ಕೆ ಕೈಚಾಚಬೇಕಿಲ್ಲ. ಮುಂಗಡ ಪಡೆಯದವರು ಟೇಪಿನ ಒಡೆತನ ಬಿಟ್ಟುಕೊಡಬೇಕಿಲ್ಲ. ಸ್ವತಂತ್ರ ತಂಡ ಎಂಬ ಮಾತಿಗೆ ಇವರ ಮಟ್ಟಿಗೆ ಇದ್ದ ಅರ್ಥ ಇಷ್ಟು.

2005ರಲ್ಲಿ ಬಂದ ‘ನ್ಯಾಚುರಲಿ’ ಈ ಮನೆಯ ಗುಣವೆಲ್ಲ ಕಾಣುವ ಆಲ್ಬಮ್. ತಂಡದ ಶ್ರೇಷ್ಠ ಕೆಲಸ ಯಾವುದೆಂಬ ಚರ್ಚೆಯಲ್ಲಿ ನನ್ನ ಮತ ಇದಕ್ಕೇ. ಲೀ ಫೀಲ್ಡ್ಸ್ ಜೊತೆಗಿನ ‘ಸ್ಟ್ರಾಂಡೆಡ್ ಇನ್ ಯುವರ್ ಲವ್’ ಒಂದು ಪುಟ್ಟ ನಾಟಕ: ಮುನಿದು ಹೋಗಿದ್ದವನು ರಾತ್ರಿಹೊತ್ತು ಬಾಗಿಲು ತಟ್ಟುತ್ತಾನೆ, ಒಳಗಿನವಳು ಅಷ್ಟು ಬೇಗ ಅಗುಳಿ ತೆಗೆಯುವುದಿಲ್ಲ. ಒಂಬತ್ತು ವರ್ಷದ ಹಿಂದೆ ಫೀಲ್ಡ್ಸ್ ಹಿಂದೆ ನಿಂತು ಮೂವರ ಧ್ವನಿ ಹಾಡಿದವರು ಈಗ ಎದುರಿಗೆ ನಿಂತು ಜಗ್ಗಾಡುತ್ತಾರೆ. ವುಡಿ ಗತ್ರಿಯ ‘ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್’ ಅಮೆರಿಕದ ಶಾಲಾ ಮಕ್ಕಳೆಲ್ಲ ಕೋರಸ್ಸಿನಲ್ಲಿ ಹಾಡುವ ಗೀತೆ. ಅದನ್ನು ಇವರು ನಿಧಾನಗೊಳಿಸಿ, ಬೇಸನ್ನು ಮಂದ್ರಕ್ಕಿಳಿಸಿ, ಈ ನೆಲ ನಿಜಕ್ಕೂ ಎಲ್ಲರದೇ ಎಂದು ಕೇಳುವ ಹಾಗೆ ಮಾಡಿದರು. ಜೈಲಿನಲ್ಲಿ ಕಾವಲಿದ್ದ ಕಪ್ಪು ಹೆಂಗಸು ಹಾಡಿದಾಗ ಆ ಗೀತೆಗೆ ಬೇರೆಯದೇ ತೂಕ ಬರುತ್ತದೆ. 2009ರ ‘ಅಪ್ ಇನ್ ದ ಏರ್’ ಸಿನಿಮಾ ಈ ಮುದ್ರಣದಿಂದಲೇ ಶುರುವಾಗುತ್ತದೆ.

ಆಲ್ಬಮ್‌ಗಳ ನಡುನಡುವೆ ಸಣ್ಣ ತಟ್ಟೆಗಳು ಬರುತ್ತಲೇ ಇದ್ದವು. ನಿಮಿಷಕ್ಕೆ 45 ಸುತ್ತು ತಿರುಗುವ ಏಳಂಗುಲದ ತಟ್ಟೆ, ಒಂದು ಮಗ್ಗುಲಿಗೆ ಒಂದೇ ಹಾಡು. ಸಿಡಿಯೂ ಮುಳುಗುತ್ತಿದ್ದ ಕಾಲದಲ್ಲಿ ಇದನ್ನು ಹೊರಡಿಸುವುದು ವ್ಯಾಪಾರದ ದೃಷ್ಟಿಯಿಂದ ಹುಚ್ಚು. ಆದರೆ ಕ್ಲಬ್ಬುಗಳಲ್ಲಿ ತಟ್ಟೆ ಹಾಕುವ ಡಿಜೆಗಳು, ಸಂಗ್ರಹಕಾರರು ಇವನ್ನು ಹುಡುಕಿಕೊಂಡು ಬಂದರು, ಕಂಪನಿಯ ಹೆಸರು ಊರೂರಿಗೆ ಹೋದದ್ದು ಇವುಗಳ ಮೂಲಕವೇ. ‘ಜೆನ್ಯೂಯಿನ್’ ಎಂಬ ಹಾಡನ್ನು ಜೇಮ್ಸ್ ಬ್ರೌನ್ ಕಾಲದ ರೂಢಿಯಂತೆ ಎರಡು ಭಾಗ ಮಾಡಿ ತಟ್ಟೆಯ ಎರಡೂ ಮಗ್ಗುಲಿಗೆ ಹಾಕಿದರು. ‘ವಾಟ್ ಇಫ್ ವಿ ಆಲ್ ಸ್ಟಾಪ್ಡ್ ಪೇಯಿಂಗ್ ಟ್ಯಾಕ್ಸಸ್?’ ಎಂಬುದು ಇರಾಕ್ ಯುದ್ಧದ ದಿನಗಳಲ್ಲಿ ಬಂದ ತಟ್ಟೆ. ಸರ್ಕಾರ ನಮ್ಮ ದುಡ್ಡಿನಲ್ಲಿ ಯುದ್ಧ ಮಾಡುವುದಾದರೆ ನಾವೆಲ್ಲ ತೆರಿಗೆ ಕಟ್ಟುವುದನ್ನೇ ನಿಲ್ಲಿಸಿದರೆ ಹೇಗೆ ಎಂಬ ಸೀದಾ ಪ್ರಶ್ನೆ. ಪ್ರೀತಿ, ವಿರಹ, ಜಗಳಗಳ ಹಾಡೇ ಹೆಚ್ಚಿರುವ ಈ ತಂಡದ ಪಟ್ಟಿಯಲ್ಲಿ ಅದು ಮೆಣಸಿನಂತೆ ಚುರುಕ್ಕೆನ್ನುತ್ತದೆ. ಕ್ರಿಸ್‌ಮಸ್‌ಗೆಂದು ಮಾಡಿದ ‘ಏಂಟ್ ನೋ ಚಿಮ್ನೀಸ್ ಇನ್ ದ ಪ್ರಾಜೆಕ್ಟ್ಸ್’ ಇನ್ನೊಂದು: ಸಾಂಟಾ ಕ್ಲಾಸ್ ಹೊಗೆಗೂಡಿನಿಂದ ಇಳಿದು ಬರುತ್ತಾನಂತೆ, ಬಡವರ ಸರ್ಕಾರಿ ವಸತಿಗಳಿಗೆ ಹೊಗೆಗೂಡೇ ಇಲ್ಲವಲ್ಲ ಎಂದು ಮಗುವಿನ ಸಂಶಯ. ಹೀಗೆ ಚೆಲ್ಲಿಹೋಗಿದ್ದವನ್ನು ಆಯ್ದು 2011ರಲ್ಲಿ ‘ಸೋಲ್ ಟೈಮ್!’ ಎಂಬ ಸಂಕಲನ ತಂದರು. ಸಂಕಲನಗಳು ಸಾಮಾನ್ಯವಾಗಿ ಉಳಿದ ಸರಕು. ಇದು ಹಾಗಲ್ಲ, ತಂಡದ ಹಾಸ್ಯವೂ ಸಿಟ್ಟೂ ಹೆಚ್ಚಾಗಿ ಇರುವುದು ಇದರಲ್ಲೇ.

ಇಷ್ಟಾದರೂ ಜಗತ್ತು ಈ ವಾದ್ಯಗಾರರನ್ನು ಮೊದಲು ಕೇಳಿದ್ದು ಬೇರೆಯವರ ಹೆಸರಿನಲ್ಲಿ. ನಿರ್ಮಾಪಕ ಮಾರ್ಕ್ ರಾನ್ಸನ್ ಲಂಡನ್ನಿನ ಗಾಯಕಿ ಏಮಿ ವೈನ್‌ಹೌಸ್ ಅವರ ಆಲ್ಬಮ್ಮಿಗೆ ಡ್ಯಾಪ್-ಕಿಂಗ್ಸ್ ವಾದನ ಬೇಕೆಂದು ಟ್ರೌಟ್‌ಮನ್ ಬೀದಿಗೆ ಬಂದರು. 2006ರಲ್ಲಿ ಹೊರಬಂದ ‘ಬ್ಯಾಕ್ ಟು ಬ್ಲ್ಯಾಕ್’ನಲ್ಲಿ ರಾನ್ಸನ್ ನಿರ್ಮಿಸಿದ ಹಾಡುಗಳಿಗೆ, ‘ರಿಹ್ಯಾಬ್’, ‘ಯು ನೋ ಐಯಾಮ್ ನೋ ಗುಡ್’ ಸೇರಿ, ಹಿಮ್ಮೇಳ ಇವರದು. 2008ರ ಫೆಬ್ರವರಿಯಲ್ಲಿ ವೈನ್‌ಹೌಸ್‌ಗೆ ಐದು ಗ್ರಾಮಿ ಪ್ರಶಸ್ತಿ ಬಂದವು. ವರ್ಷದ ರೆಕಾರ್ಡು ಎಂದು ‘ರಿಹ್ಯಾಬ್’ಗೆ ಬಂದ ಪ್ರಶಸ್ತಿಯಲ್ಲಿ ಎಂಜಿನಿಯರ್ ಆಗಿ ರಾತ್ ಅವರಿಗೂ ಪಾಲಿತ್ತು. 2007ರಲ್ಲಿ ವೈನ್‌ಹೌಸ್ ಅಮೆರಿಕ ಪ್ರವಾಸ ಬಂದಾಗ ವೇದಿಕೆಯ ಮೇಲೆ ಹಿಂದೆ ನಿಂತವರೂ ಡ್ಯಾಪ್-ಕಿಂಗ್ಸೇ.

ಈ ಸಂಗತಿಯನ್ನು ತಂಡದ ಹೆಮ್ಮೆ ಎಂದಷ್ಟೇ ಬರೆದು ಮುಂದೆ ಹೋಗುವುದು ಸ್ಮರಣ ಸಂಚಿಕೆಗಳ ವಾಡಿಕೆ. ಆದರೆ ಲೆಕ್ಕ ಅಷ್ಟು ಸರಳವಲ್ಲ. ವರ್ಷಗಟ್ಟಲೆ ಇದೇ ವಾದ್ಯಗಾರರ ಮುಂದೆ ನಿಂತು ಹಾಡಿದ, ವಯಸ್ಸು ಐವತ್ತು ದಾಟಿದ ಕಪ್ಪು ಗಾಯಕಿಗೆ ಸಿಗದ ಕಿವಿಗಳು ಇಪ್ಪತ್ಮೂರರ ಬಿಳಿಯ ಗಾಯಕಿಗೆ ಒಂದೇ ಏಟಿಗೆ ಸಿಕ್ಕವು. ವೈನ್‌ಹೌಸ್ ಪ್ರತಿಭೆಯ ಬಗ್ಗೆ ತಕರಾರಿಲ್ಲ. ಆ ಹಾಡುಗಳು ಆಕೆಯವೇ, ಆ ನೋವೂ ಆಕೆಯದೇ. ಆದರೂ ಮಾರುಕಟ್ಟೆ ಒಂದೇ ಹಿಮ್ಮೇಳದ ಇಬ್ಬರು ಗಾಯಕಿಯರನ್ನು ತೂಗಿದ ರೀತಿ ನೋಡಿದರೆ, ಹಿಂದೆ ಕಂಪನಿಯವರು ಶರನ್‌ಗೆ ಎಣಿಸಿ ಹೇಳಿದ ಆ ನಾಲ್ಕು ಕೊರತೆಗಳು ನೆನಪಿಗೆ ಬರುತ್ತವೆ. ಕಂಪನಿಯ ಒಳಗೂ ಕೇಳಬಹುದಾದ ಪ್ರಶ್ನೆಯಿತ್ತು: ಒಡೆಯರಿಬ್ಬರೂ ಬಿಳಿಯರು, ಹೆಚ್ಚಿನ ಹಾಡು ಬರೆದವರು ರಾತ್, ಸಂಗೀತ ಮಾತ್ರ ಕಪ್ಪು ಜನರದು. ಇದಕ್ಕೆ ಡ್ಯಾಪ್‌ಟೋನ್ ಕೊಟ್ಟ ಉತ್ತರ ಹೇಳಿಕೆಯಲ್ಲಿಲ್ಲ, ಪಟ್ಟಿಯಲ್ಲಿದೆ. ಬೇರೆ ಕಂಪನಿಗಳು ವಯಸ್ಸಾಯಿತೆಂದು ಬಿಟ್ಟ ಗಾಯಕರನ್ನು ಅದು ಹುಡುಕಿಕೊಂಡು ಹೋಯಿತು. ನೇಯೊಮಿ ಶೆಲ್ಟನ್, ಮಿಸಿಸಿಪಿಯ ಕೋಮೊ ಎಂಬ ಸಣ್ಣ ಊರಿನ ಚರ್ಚ್ ಗಾಯಕಿಯರು, ಮತ್ತು ಚಾರ್ಲ್ಸ್ ಬ್ರಾಡ್ಲಿ. ಬ್ರಾಡ್ಲಿ ‘ಬ್ಲ್ಯಾಕ್ ವೆಲ್ವೆಟ್’ ಎಂಬ ಹೆಸರಿನಲ್ಲಿ ಜೇಮ್ಸ್ ಬ್ರೌನ್ ವೇಷ ಕಟ್ಟಿ ಕ್ಲಬ್ಬುಗಳಲ್ಲಿ ಹಾಡುತ್ತಿದ್ದವರು. 2011ರಲ್ಲಿ ಮೊದಲ ಆಲ್ಬಮ್ ‘ನೋ ಟೈಮ್ ಫಾರ್ ಡ್ರೀಮಿಂಗ್’ ಬಂದಾಗ ಅವರಿಗೆ 62. ನಿರ್ಮಿಸಿದ್ದು ಡ್ಯಾಪ್-ಕಿಂಗ್ಸ್ ಗಿಟಾರ್‌ವಾದಕ ಥಾಮಸ್ ಬ್ರೆನೆಕ್. ಇದೇ ಬ್ರೆನೆಕ್‌ರ ಮೆನಹಾನ್ ಸ್ಟ್ರೀಟ್ ಬ್ಯಾಂಡ್ ನುಡಿಸಿದ ತುತ್ತೂರಿಯ ನುಡಿಯೊಂದನ್ನು 2007ರಲ್ಲಿ ಜೇ-ಝೀ ತಮ್ಮ ‘ರಾಕ್ ಬಾಯ್ಸ್’ ಹಾಡಿಗೆ ಎತ್ತಿಕೊಂಡರು. 2014ರಲ್ಲಿ ಲೋಕವೆಲ್ಲ ಕುಣಿದ ‘ಅಪ್‌ಟೌನ್ ಫಂಕ್’ನ ತುತ್ತೂರಿಗಳಲ್ಲೂ ಡ್ಯಾಪ್-ಕಿಂಗ್ಸ್ ಉಸಿರಿದೆ. ಹೆಸರು ಕೇಳದವರೂ ಇವರನ್ನು ಕೇಳಿದ್ದಾರೆ.

2007ರ ಅಕ್ಟೋಬರಿನಲ್ಲಿ ‘100 ಡೇಸ್, 100 ನೈಟ್ಸ್’ ಬಂತು. ವೈನ್‌ಹೌಸ್ ಅಲೆಯ ಮೇಲೆ ಬಂದರೂ ಅದರ ಹಂಗಿಲ್ಲದ ಆಲ್ಬಮ್. ಶೀರ್ಷಿಕೆಯ ಹಾಡು ಮೊದಲು ನಡಿಗೆಯ ವೇಗದಲ್ಲಿ ಹೋಗಿ, ಶರನ್ ತಂಡದವರಿಗೆ ಇನ್ನಷ್ಟು ನಿಧಾನ ಎಂದು ಹೇಳಿದೊಡನೆ ಲಯ ಅರ್ಧಕ್ಕಿಳಿಯುತ್ತದೆ. ಒಂದೇ ಕೋಣೆಯಲ್ಲಿ ಮುಖ ನೋಡುತ್ತ ನುಡಿಸುವವರಿಗೆ ಮಾತ್ರ ದಕ್ಕುವ ಜಾಣ್ಮೆ. ಅದರ ವಿಡಿಯೋವನ್ನು ಅಗ್ಗಕ್ಕೆ ಕೊಂಡ ಹಳೆಯ ಟಿವಿ ಕ್ಯಾಮೆರಾಗಳಲ್ಲಿ ಕಪ್ಪುಬಿಳುಪಿನಲ್ಲಿ ತೆಗೆದರು. 2010ರ ‘ಐ ಲರ್ನ್ಡ್ ದ ಹಾರ್ಡ್ ವೇ’ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಇಪ್ಪತ್ತರೊಳಗೆ ಬಂತು. ಅದನ್ನೂ ಆಂಪೆಕ್ಸ್ ಕಂಪನಿಯ ಎಂಟು ಟ್ರ್ಯಾಕಿನ ಯಂತ್ರದಲ್ಲೇ ಮುದ್ರಿಸಿದ್ದು. ವಯೊಲಿನ್‌ಗಳು ಹೆಚ್ಚಿದವು, ಸದ್ದು ನುಣುಪಾಯಿತು. ಹೆಚ್ಚು ಮಾರಾಟವಾದರೂ ನನ್ನ ಕಿವಿಗೆ ಇದು ತುಸು ಇಸ್ತ್ರಿ ಹಾಕಿದ ಆಲ್ಬಮ್. ‘ಮಾಮಾ ಡೋಂಟ್ ಲೈಕ್ ಮೈ ಮ್ಯಾನ್’ ಮಾತ್ರ ಹೆಚ್ಚಿನ ವಾದ್ಯಗಳನ್ನು ಬದಿಗಿರಿಸಿ ಕೆಲವೇ ಕಂಠಗಳಲ್ಲಿ ಹಾಡಿದ್ದರಿಂದ ಎದ್ದು ಕೇಳುತ್ತದೆ.

ಮುಂದಿನದು ‘ಗಿವ್ ದ ಪೀಪಲ್ ವಾಟ್ ದೆ ವಾಂಟ್’. 2013ರ ಆಗಸ್ಟಿನಲ್ಲಿ ಬರಬೇಕಿತ್ತು, ಮುದ್ರಣ ಮುಗಿದಿತ್ತು. ಅಷ್ಟರಲ್ಲಿ ಶರನ್‌ಗೆ ಕ್ಯಾನ್ಸರ್ ಇರುವುದು ಗೊತ್ತಾಯಿತು. ಕೊನೆಗೆ ಮೇದೋಜೀರಕ ಗ್ರಂಥಿಯದೆಂದು ಖಚಿತವಾಯಿತು. ಶಸ್ತ್ರಚಿಕಿತ್ಸೆ, ಕೀಮೋಥೆರಪಿ. ತಂಡದ ಎಲ್ಲರ ಸಂಪಾದನೆಯೂ ಆಕೆಯ ಕಂಠದ ಮೇಲೆ ನಿಂತಿತ್ತು ಎಂಬುದು ಆಗ ಒಮ್ಮೆಲೇ ಎದುರಿಗೆ ಬಂತು. ಆಲ್ಬಮ್ 2014ರ ಜನವರಿಗೆ ಹೋಯಿತು. ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಬೀಕನ್ ಥಿಯೇಟರಿನ ರಂಗಕ್ಕೆ ಶರನ್ ಬಂದದ್ದು ಬೋಳು ತಲೆಯಲ್ಲೇ, ವಿಗ್ ಹಾಕದೆ, ಎಂದಿನಂತೆ ಕುಣಿಯುತ್ತ. ಆ ವರ್ಷದ ಅತ್ಯುತ್ತಮ ಆರ್ ಅಂಡ್ ಬಿ ಆಲ್ಬಮ್ ವಿಭಾಗದಲ್ಲಿ ತಂಡಕ್ಕೆ ಗ್ರಾಮಿ ನಾಮನಿರ್ದೇಶನ ಸಿಕ್ಕಿತು. ಅವರ ಆಲ್ಬಮ್ಮಿಗೆ ಸಿಕ್ಕ ಒಂದೇ ನಾಮನಿರ್ದೇಶನ ಅದು, ಪ್ರಶಸ್ತಿ ಬರಲಿಲ್ಲ. ಸೋಲ್ ಸಂಗೀತಕ್ಕೆ ಗ್ರಾಮಿಯಲ್ಲಿ ಒಂದು ವಿಭಾಗವೇ ಇಲ್ಲವಲ್ಲ ಎಂದು ಶರನ್ ಆಕ್ಷೇಪಿಸುತ್ತಿದ್ದರು. ಆ ಆಕ್ಷೇಪ ಸರಿಯಾದದ್ದೇ. ಈ ದಿನಗಳನ್ನು ಬಾರ್ಬರಾ ಕಾಪಲ್ ‘ಮಿಸ್ ಶರನ್ ಜೋನ್ಸ್!’ ಎಂಬ ಸಾಕ್ಷ್ಯಚಿತ್ರವಾಗಿ ಮಾಡಿದ್ದಾರೆ.

2014ರ ಡಿಸೆಂಬರಿನಲ್ಲಿ ಕಂಪನಿಯ ಇಡೀ ಬಳಗ ಹಾರ್ಲೆಮ್‌ನ ಅಪೊಲೊ ರಂಗಮಂದಿರದಲ್ಲಿ ಮೂರು ರಾತ್ರಿ ಹಾಡಿತು. 2015ರಲ್ಲಿ ಕ್ರಿಸ್‌ಮಸ್ ಆಲ್ಬಮ್ ಒಂದು ಬಂತು. ಹಿನ್ನೆಲೆ ಗಾಯಕಿಯರಾದ ಸಾಂಡ್ರಾ ವಿಲಿಯಮ್ಸ್ ಮತ್ತು ಸ್ಟಾರ್ ಡಂಕನ್ ‘ಸಾನ್ ಅಂಡ್ ಸ್ಟಾರ್’ ಹೆಸರಿನಲ್ಲಿ ತಮ್ಮದೇ ಆಲ್ಬಮ್ ತಂದರು. ಮೂರು ಜನರ ಪಾಲನ್ನು ಒಬ್ಬರೇ ಹಾಡಿದ ದಿನದಿಂದ ಎರಡು ದಶಕ ಕಳೆಯುವುದರೊಳಗೆ ಹಿನ್ನೆಲೆಯವರಿಗೂ ಮುನ್ನೆಲೆ ಸಿಕ್ಕಿತು.

ಕ್ಯಾನ್ಸರ್ ಮರಳಿತು. ಪ್ರವಾಸ, ಚಿಕಿತ್ಸೆಗಳ ನಡುವೆ ಬಿಡುವು ಸಿಕ್ಕಾಗ ಟ್ರೌಟ್‌ಮನ್ ಬೀದಿಯಲ್ಲಿ ಹೊಸ ಹಾಡುಗಳ ಮುದ್ರಣ ನಡೆಯುತ್ತಿತ್ತು. 2016ರ ನವೆಂಬರ್ 8ರ ರಾತ್ರಿ ಅಧ್ಯಕ್ಷ ಚುನಾವಣೆಯ ಫಲಿತಾಂಶ ನೋಡುತ್ತಿದ್ದಾಗ ಶರನ್‌ಗೆ ಪಾರ್ಶ್ವವಾಯು ಬಡಿಯಿತು, ಮರುದಿನ ಇನ್ನೊಮ್ಮೆ. ಟ್ರಂಪ್‌ನಿಂದಲೇ ತನಗೆ ಹೀಗಾಯಿತೆಂದು ಆಕೆ ಚಟಾಕಿ ಹಾರಿಸಿದರಂತೆ. ಮಾತು ನಿಂತ ಮೇಲೂ, ಹಾಸಿಗೆಯ ಸುತ್ತ ನಿಂತ ತಂಡದವರು ಗಿಟಾರ್ ಮೀಟಿದಾಗ ದನಿಗೂಡಿಸುತ್ತಿದ್ದರು ಎಂದು ರಾತ್ ಹೇಳಿದ್ದಾರೆ. ನವೆಂಬರ್ 18ರಂದು ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಲ್ಲಿ ತೀರಿಕೊಂಡರು. ವಯಸ್ಸು ಅರವತ್ತು. ಹತ್ತು ತಿಂಗಳ ನಂತರ, 2017ರ ಸೆಪ್ಟೆಂಬರ್ 23ರಂದು, ಚಾರ್ಲ್ಸ್ ಬ್ರಾಡ್ಲಿಯೂ ಹೋದರು. ಅವರಿಗೂ ಕ್ಯಾನ್ಸರ್. ವರ್ಷದೊಳಗೆ ಕಂಪನಿ ತನ್ನ ಎರಡು ದೊಡ್ಡ ಕಂಠಗಳನ್ನು ಕಳೆದುಕೊಂಡಿತು.

ಶರನ್ ಮುದ್ರಿಸುತ್ತಿದ್ದ ಆ ಹೊಸ ಹಾಡುಗಳ ಆಲ್ಬಮ್ ‘ಸೋಲ್ ಆಫ್ ಎ ವುಮನ್’ ಬಿಡುಗಡೆಯಾದದ್ದು 2017ರ ನವೆಂಬರ್ 17ರಂದು, ಆಕೆಯ ಮೊದಲ ವರ್ಷದ ತಿಥಿಯ ಹಿಂದಿನ ದಿನ. ಮರಣೋತ್ತರ ಆಲ್ಬಮ್‌ಗಳಲ್ಲಿ ಸಾಮಾನ್ಯವಾಗಿ ಅರೆಬರೆ ತುಣುಕುಗಳನ್ನು ಹೊಲಿದು ಮುಚ್ಚಿದ್ದು ಎದ್ದು ಕಾಣುತ್ತದೆ. ಇಲ್ಲಿ ಕಾಣುವುದಿಲ್ಲ. ಕಾರಣ ಮತ್ತೆ ಆ ಪದ್ಧತಿಯೇ: ಎಲ್ಲರೂ ಕೂಡಿದಾಗಲೇ ಮುದ್ರಿಸುವವರ ಬಳಿ ತುಂಡು ಉಳಿಯುವುದಿಲ್ಲ, ಇದ್ದರೆ ಇಡೀ ಹಾಡು, ಇಲ್ಲದಿದ್ದರೆ ಇಲ್ಲ. ಮೊದಲ ಮಗ್ಗುಲಿನಲ್ಲಿ ‘ಮ್ಯಾಟರ್ ಆಫ್ ಟೈಮ್’, ‘ಸೇಲ್ ಆನ್!’ ಥರದ ಬಿರುಸಿನ ಹಾಡುಗಳು. ಎರಡನೆಯ ಮಗ್ಗುಲು ಪೂರ್ತಿ ವಿಳಂಬದ್ದು, ವಯೊಲಿನ್‌ಗಳು ತುಂಬಿದ್ದು. ‘ದೀಸ್ ಟಿಯರ್ಸ್’ ಕೇಳುವಾಗ ಹಾಡುತ್ತಿರುವವರು ಕಾಯಿಲೆಯವರೆಂದು ತಿಳಿಯುವುದೇ ಇಲ್ಲ. ತಿಳಿದ ಮೇಲೆ ಕೇಳುವುದು ಕಷ್ಟ. ಕೊನೆಯ ಹಾಡು ‘ಕಾಲ್ ಆನ್ ಗಾಡ್’. ಅದನ್ನು ಶರನ್ 1970ರ ದಶಕದ ಕೊನೆಯಲ್ಲಿ ತಮ್ಮ ಚರ್ಚಿನ ಮೇಳಕ್ಕಾಗಿ ತಾವೇ ಬರೆದದ್ದು. 2007ರಲ್ಲಿ ಮುದ್ರಿಸಿ ಇಟ್ಟಿದ್ದರು. ಆಕೆ ಹೋದ ಮೇಲೆ ಅದೇ ಚರ್ಚಿನ ಹಳೆಯ ಜೊತೆಗಾರರು ಸ್ಟುಡಿಯೋಗೆ ಬಂದು ಟೇಪಿನಲ್ಲಿದ್ದ ಆ ಕಂಠಕ್ಕೆ ಕೋರಸ್ ಸೇರಿಸಿದರು. ಬೇರೆಯವರು ಬರೆದ ಹಾಡುಗಳನ್ನೇ ಹಾಡಿ ಹೆಸರಾದವರ ಕೊನೆಯ ಆಲ್ಬಮ್ ಅವರದೇ ಹಾಡಿನಿಂದ ಮುಗಿದದ್ದು ನ್ಯಾಯವಾಯಿತು.

ಆಮೇಲೆ ಬಂದವು ಎರಡು. ಬೇರೆಯವರ ಹಾಡುಗಳನ್ನು ತಂಡ ಆಗೀಗ ಮುದ್ರಿಸಿದ್ದನ್ನು ಕೂಡಿಸಿ 2020ರಲ್ಲಿ ‘ಜಸ್ಟ್ ಡ್ರಾಪ್ಡ್ ಇನ್’, ಅಪೊಲೊದ ಆ ಮೂರು ರಾತ್ರಿಗಳ ಮುದ್ರಣ 2021ರಲ್ಲಿ. ಎರಡನೆಯದರಲ್ಲಿ ಶರನ್ ಮತ್ತು ಬ್ರಾಡ್ಲಿ ಇಬ್ಬರೂ ಇದ್ದಾರೆ, ಜನರ ಕೂಗೂ ಇದೆ. ರಾತ್ ತಮ್ಮ ಹುಟ್ಟೂರ ಕಡೆ, ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ, 2020ರಲ್ಲಿ ಪೆನ್‌ರೋಸ್ ಎಂಬ ಶಾಖೆ ತೆರೆದರು. ಅಲ್ಲಿಂದಲೂ ಏಳಂಗುಲದ ತಟ್ಟೆಗಳು ಬಂದವು, ಹಾಡಿದವರು ಹೊಸಬರು. ಡ್ಯಾಪ್-ಕಿಂಗ್ಸ್ ಟ್ರಂಪೆಟ್‌ವಾದಕ ಡೇವ್ ಗೈ ‘ದ ರೂಟ್ಸ್’ ತಂಡ ಸೇರಿ ಅಮೆರಿಕದ ಟಿವಿಯಲ್ಲಿ ನುಡಿಸಿದರು.

ಈ ತಂಡ ಹೊಸ ಸಂಗೀತವನ್ನೇನೂ ಹುಟ್ಟುಹಾಕಲಿಲ್ಲ, ಅದರ ಹಂಬಲವೂ ಅದಕ್ಕಿರಲಿಲ್ಲ. ಇದ್ದ ಸಂಗೀತವನ್ನು ಅದಕ್ಕೆ ಸಲ್ಲಬೇಕಾದ ಕೂಲಿ, ಕೋಣೆ, ಕಾಲ ಕೊಟ್ಟು ಮಾಡಿತು. ಹದಿನೈದು ವರ್ಷ ಒಂದೇ ಗಾಯಕಿಯ ಹಿಂದೆ ನಿಂತಿತು. ಮುದ್ರಿಸಿದ ಟೇಪುಗಳನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಮೊದಲ ಸಲ ಕೇಳುವವರು ‘ನ್ಯಾಚುರಲಿ’ಯಿಂದ ಶುರು ಮಾಡಿ, ‘ಸೋಲ್ ಟೈಮ್!’ಗೆ ಹೋಗಿ, ‘ಸೋಲ್ ಆಫ್ ಎ ವುಮನ್’ ಕೊನೆಗಿಟ್ಟುಕೊಳ್ಳಿ. ಸಾಧ್ಯವಿದ್ದರೆ ಫೋನಿನ ಸಣ್ಣ ಸ್ಪೀಕರಿನಲ್ಲಿ ಕೇಳಬೇಡಿ, ಬೇಸ್ ಕೇಳಿಸದಿದ್ದರೆ ಅರ್ಧ ತಂಡವೇ ಇಲ್ಲದ ಹಾಗೆ.